ಮೂರನೆಯ ಹಾಡಿನ ನಡುವೆ

ಬ್ಯಾಡಗಿ
19-2-2004

ಮೆಹಬೂಬ ಅವರಿಗೆ ಜಾಹೀದಾಳ ಸಲಾಂ.

ನೀವು ಹಾಡಿದ ಕ್ಯಾಸೆಟ್ಟೂ ಪತ್ರವೂ ಸೋಮವಾರ ತಲುಪಿದವು. ಹಾಡು ಕೇಳಿ ಮನಸ್ಸು ಕರಗಿದರೆ ಹುಬ್ಬಳ್ಳಿಯಲ್ಲಿ ಮತ್ತೆ ಸಂಸಾರ ಹೂಡೋಣ ಎಂದಿದ್ದೀರಿ. ಭಾನುವಾರ ಕರೆದೊಯ್ಯಲು ಬರುತ್ತೀರಂತೆ.

ಕ್ಯಾಸೆಟ್ ಮೊದಲು ಕೇಳಿದ್ದು ದಲಾಲಿ ಅಂಗಡಿಯಲ್ಲಿ, ಮೆಣಸಿನಕಾಯಿ ತೊಟ್ಟು ಬಿಡಿಸುವಾಗ. ಅಲ್ಲಿ ದಿನವಿಡೀ ಟೇಪು ಹಚ್ಚಿರುತ್ತೇವೆ. ಆರು ಹಾಡೂ ನಿಧಾನ, ಹಿಂದೆ ಗಾಳಿ ಬೀಸಿದಂಥ ಸದ್ದು. ನಮ್ಮ ಗುಂಪಿನ ಹಿರಿಯಳು ಗದಿಗೆವ್ವ, “ಗಂಡ ಬಿಟ್ಟಾಕಿಗೂ ಒಪ್ಪತೈತಿ, ಗಂಡನ್ನ ಬಿಟ್ಟಾಕಿಗೂ ಒಪ್ಪತೈತಿ. ಗಂಡನ ಕೂಡ ಇರಾಕಿಗೆ ನಿದ್ದಿ ಬರತೈತಿ ನೋಡವಾ” ಎಂದಳು. ಎಲ್ಲರೂ ನಕ್ಕರು.

ಮೂರನೆಯ ಹಾಡಿನ ನಡುವೆ ಒಬ್ಬ ಹೆಂಗಸು ಅಳುತ್ತಾಳೆ. ಅದು ನನ್ನ ದನಿ. ಮೆಣಸಿನಕಾಯಿ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರಿತ್ತು. ಹೀಗಾಗಿ ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಮನೆಗೆ ತಂದು ನಾಲ್ಕು ಸಲ ತಿರುಗಿಸಿ ಕೇಳಿದೆ. ಹೋದ ವರ್ಷ ರಾಣೆಬೆನ್ನೂರಿನ ಮನೆಯಲ್ಲಿ ನಮ್ಮ ರಫೀಕನಿಗೆ ಜ್ವರ ಏರಿದ ಮಧ್ಯಾಹ್ನ ಅದು. ರಿಕ್ಷಾ ಹುಡುಕಿ ಅಲೆದೆ, ಸಿಗಲಿಲ್ಲ ಎಂದು ಆಮೇಲೆ ನೀವು ಹೇಳಿದಿರಿ. ದವಾಖಾನೆ ಮುಟ್ಟುವಷ್ಟರಲ್ಲಿ ಮಗು ಹೋಗಿತ್ತು. ನಿಮ್ಮ ಮಾತು ನಂಬಿದ್ದೆ.

ಟೇಪಿನಲ್ಲಿ ನಾನು “ಎಲ್ಲಿ ಹೋಗೀರಿ, ಲಗೂ ಬರ್ರಿ” ಎಂದು ಕೂಗುತ್ತೇನೆ. ನೀವು ಪಡಸಾಲೆಯಲ್ಲೇ ರೆಕಾರ್ಡರ್ ಇಟ್ಟುಕೊಂಡು ಕೂತು, ನನ್ನ ಅಳುವಿಗೆ ರಾಗ ಕೂಡಿಸಿ ಮೆಲ್ಲಗೆ ಗುನುಗುತ್ತೀರಿ. ಅದನ್ನು ಕೇಳಿ ಒಳಗಿನಿಂದ ರಫೀಕ “ಅಬ್ಬಾ” ಎನ್ನುತ್ತಾನೆ. ನೀವು ನಿಲ್ಲಿಸುತ್ತೀರಿ. ಅವನು ಇನ್ನೊಮ್ಮೆ ಕರೆಯುತ್ತಾನೆ. ನೀವು ಮತ್ತೆ ಗುನುಗುತ್ತೀರಿ.

ಅವತ್ತು ಅವನು ಕನವರಿಸುತ್ತಿದ್ದಾನೆ ಎಂದುಕೊಂಡು, “ಅಬ್ಬಾ ಮನ್ಯಾಗಿಲ್ಲ, ಸುಮ್ನ ಮಲಕೋ” ಎಂದು ನಾನೇ ಬಾಯಿ ಮುಚ್ಚಿಸಿದ್ದೆ.

ಆ ಎರಡು ಕರೆಗಳನ್ನು ನೀವು ತೆಗೆದುಹಾಕಿಲ್ಲ. ಹಾಡಿಗೆ ಚೆನ್ನಾಗಿ ಹೊಂದುತ್ತವೆ. ಹಾಡಿನಲ್ಲಿ ಇರುವುದು ಅರ್ಧ ನಿಮಿಷ; ಅವತ್ತಿನ ಉಳಿದ ಟೇಪು ಎಷ್ಟು ಉದ್ದವಿದೆ ಎಂದು ನಾನು ಕೇಳುವುದಿಲ್ಲ.

ಬರಬೇಡಿ. ಜಮಾತಿನ ಹಿರಿಯ ರಹಿಮಾನಸಾಬರು ನಮ್ಮ ಮದುವೆಯ ಬಿಡುಗಡೆ ಕಾಗದ ಕಳಿಸುತ್ತಾರೆ. ಸಹಿ ಹಾಕಿ.

ಜಾಹೀದಾ

ತಾ.ಕ.: ರಫೀಕನ ನಲವತ್ತನೇ ದಿನದ ಫಾತಿಹಾ ಮುಗಿಸಿ ನೀವು ಕ್ಯಾಸೆಟ್ ಮಾಡಲು ಹುಬ್ಬಳ್ಳಿಗೆ ಹೋದಾಗ ನನಗೆ ಎರಡು ತಿಂಗಳಾಗಿತ್ತು. ನೀವು ವಿಚಾರಿಸಲಿಲ್ಲ, ನಾನು ತಿಳಿಸಲಿಲ್ಲ. ಅಫ್ರೀನ್ ಈಗ ನಾಲ್ಕು ತಿಂಗಳವಳು. ಭಾನುವಾರ ನಿಮ್ಮ ಕೈಗೆ ಕೊಡಬೇಕೆಂದಿದ್ದೆ. ಅವಳ ಅಳು ಬಲು ಗಟ್ಟಿ, ಓಣಿಯ ತುದಿಗೂ ಕೇಳುತ್ತದೆ. ಹುಬ್ಬಳ್ಳಿಗೆ ಕೇಳುವುದಿಲ್ಲ.