ಇಬ್ಬರ ಚಾಕು

ಗೊಬ್ಬೂರ, ತಾ. ಅಫಜಲಪುರ
೧೪ ಡಿಸೆಂಬರ್ ೨೦೨೪

ಪ್ರೀತಿಯ ಅಜಯಣ್ಣನಿಗೆ,

ಜೈಭೀಮ. ಹೇಗಿದ್ದೀ? ಹಿಮದಲ್ಲಿ ಕಾವಲು ನಿಂತು ನಿನ್ನ ಮೊಣಕಾಲಿನ ನೋವು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ತಿಳಿಯುತ್ತಿಲ್ಲ. ನಿನ್ನ ಫೋನು ಹತ್ತದೆ ಬಹಳ ದಿನವಾಯಿತು. ಹೆಲಿಕಾಪ್ಟರಿನಲ್ಲಿ ಟಪಾಲು ಬರುತ್ತದೆ ಎಂದು ನೀನೇ ಹೇಳಿದ್ದೆಯಲ್ಲ, ಅದನ್ನು ನಂಬಿ ಬರೆಯುತ್ತಿದ್ದೇನೆ. ಇಲ್ಲಿ ತೊಗರಿ ರಾಶಿ ಶುರುವಾಗಿದೆ. ಅವ್ವ ಗಟ್ಟಿಯಾಗಿದ್ದಾಳೆ, ನಿನಗೆಂದು ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕುಟ್ಟಿಟ್ಟು, ಕಳಿಸುವ ದಾರಿ ಕಾಣದೆ ನನ್ನನ್ನೇ ಬೈಯುತ್ತಾಳೆ.

ಅಪ್ಪನ ಸುದ್ದಿ ಹೇಳುವುದಿದೆ. ಅಂದೋಲಾದ ಜಗದೇವ ಕಾಕಾ ತೀರಿಕೊಂಡರು.

ನೀನು ಅವರನ್ನು ಒಂದೆರಡು ಸಲವಷ್ಟೇ ನೋಡಿದ್ದೆ. ಅಪ್ಪ ಆಳಂದದಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದಾಗ ಅಲ್ಲಿಯ ಸಂತೆಯಲ್ಲಿ ಸಿಕಂದರ ಚಾಚಾ ಹಳೆಯ ಸಾಮಾನು ಹರಡಿಕೊಂಡು ಕೂಡುತ್ತಿದ್ದರಲ್ಲ, ಅಲ್ಲಿಯೇ ಅಪ್ಪನಿಗೂ ಕಾಕಾನಿಗೂ ಗುರುತಾದದ್ದು. ಇಂಗ್ಲೆಂಡಿನ ಶೆಫೀಲ್ಡಿನ ಒಂದು ಮಡಚುವ ಚಾಕು, ಮುತ್ತಿನ ಚಿಪ್ಪಿನ ಹಿಡಿ, ಎರಡು ಅಲಗು. ಇಬ್ಬರೂ ಒಟ್ಟಿಗೇ ಕೈಹಾಕಿದರಂತೆ, ಇಬ್ಬರೂ ಬಿಡಲೊಲ್ಲರು. ಚಾಚಾ ನಕ್ಕು, "ಇಬ್ರೂ ಕೂಡಿ ಒಯ್ಯರಿ ಸಾಬ್, ಆರ್ ತಿಂಗಳ ಇವರ ಬಲ್ಲಿ, ಆರ್ ತಿಂಗಳ ಅವರ ಬಲ್ಲಿ" ಎಂದರಂತೆ. ಅವರು ಚೇಷ್ಟೆಗೆ ಅಂದದ್ದನ್ನು ಇವರು ಖರೆ ಮಾಡಿಬಿಟ್ಟರು. ಅಂದಿನಿಂದ ಯುಗಾದಿ ಕಳೆದ ಮೇಲೆ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ, ಚೌಡಾಪುರದ ಚಹಾ ಹೋಟೆಲಿನಲ್ಲಿ ಕೂಡಿ ಚಾಕು ಕೈ ಬದಲಿಸುತ್ತಿದ್ದರು. ಒಬ್ಬರ ಮನೆಗೆ ಇನ್ನೊಬ್ಬರು ಒಂದು ದಿನವೂ ಹೋಗಲಿಲ್ಲ. ಯಾಕೆಂದು ನಾವು ಕೇಳಲಿಲ್ಲ. ನಮ್ಮ ಓಣಿಯಲ್ಲಿ ಹುಟ್ಟಿದವರಿಗೆ ಅದನ್ನು ಕೇಳಿ ತಿಳಿಯಬೇಕಾಗಿಯೂ ಇರಲಿಲ್ಲ.

ಅಪ್ಪನ ಬಳಿ ಬೇರೆ ಚಾಕುಗಳೂ ಇವೆ. ಜಿಂಕೆ ಕೊಂಬಿನ ಹಿಡಿಯದು, ಕುದುರೆ ಗೊರಸಿನ ಹರಳು ಕೀಳುವ ಕೊಕ್ಕೆ ಇದ್ದದ್ದು, ಎಲುಬಿನ ಹಿಡಿಯವು. ಆದರೆ ಆ ಮುತ್ತಿನ ಚಿಪ್ಪಿನದು ಮನೆಗೆ ಬಂದ ದಿನ ಅವನ ಮುಖವೇ ಬೇರೆ. ಅಲಗು ಮಡಚುವಾಗ ನಮ್ಮ ಕಿವಿಯ ಹತ್ತಿರ ಹಿಡಿಯುತ್ತಿದ್ದ. "ಕೇಳ್ರಿ, ಸ್ಪ್ರಿಂಗ್ ಹೆಂಗ ಮಾತಾಡ್ತದ!" ಅವ್ವ ಒಮ್ಮೆ ಬೂದಿ ಹಚ್ಚಿ ಒಂದನ್ನು ಫಳಫಳ ತಿಕ್ಕಿಟ್ಟಾಗ, "ಅದರ ವಯಸ್ಸs ಅಳಿಸಿ ಹಾಕಿದೆಲ್ಲ ಬೇ" ಎಂದು ಎರಡು ದಿನ ಮುಖ ಸಣ್ಣದು ಮಾಡಿಕೊಂಡಿದ್ದ.

ಈ ಸಲ ದೀಪಾವಳಿ ಕಳೆದು ಅಪ್ಪ ಚೌಡಾಪುರಕ್ಕೆ ಹೋದ. ಕಾಕಾ ಬರಲಿಲ್ಲ, ಅವರ ಫೋನೂ ಬಂದ್ ಆಗಿತ್ತು. ಸಂಜೆಯವರೆಗೆ ಕುಳಿತು ಬರಿಗೈಲಿ ಬಂದ. ಮರುವಾರವೂ ಹೋದ. ಕೊನೆಗೆ ನಾನೇ ಶಾಲೆಗೆ ರಜೆ ಹಾಕಿ, ಜೇವರ್ಗಿಯ ಮೇಲೆ ಹಾದು ಅಂದೋಲಾಕ್ಕೆ ಕರೆದುಕೊಂಡು ಹೋದೆ. ಮನೆಯ ಬಾಗಿಲಲ್ಲಿ ಕಾಕಾನ ಹೆಂಡತಿ ರೇವಮ್ಮ ನಿಂತಿದ್ದರು, ಹಣೆ ಬರಿದಾಗಿತ್ತು. ದಸರೆಗೆ ಮುಂಚೆ ಕಾಕಾ ಹೊಲದಲ್ಲಿ ಎದೆ ಹಿಡಿದುಕೊಂಡು ಬಿದ್ದರಂತೆ. ಯಾರಿಗೆ ತಿಳಿಸಬೇಕೋ ಎಲ್ಲರಿಗೂ ತಿಳಿಸಿದ್ದರು. ಅಪ್ಪನ ಹೆಸರು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನೀವು ಯಾರ್ರಿ?" ಎಂದು ಕೇಳಿದರು. ಚಾಕಿನ ಗೆಳೆಯ ಎಂದ ಅಪ್ಪ. ಆ ತಾಯಿ ಅಷ್ಟಕ್ಕೇ ಅತ್ತುಬಿಟ್ಟರು. "ಒಳಗ ಬರ್ರಿ" ಎಂದು ಪಡಸಾಲೆಯಲ್ಲಿ ಕೂರಿಸಿ, ತಾವೇ ಚಹಾ ತಂದುಕೊಟ್ಟರು. "ಅದರ ಮ್ಯಾಲ ಭಾಳ ಜೀವ ಇತ್ತರಿ ಅವರಿಗೆ. ಅಂಗಿ ಕಿಸೆದಾಗ ಹಂಗs ಇಟ್ಟು ಮಣ್ಣು ಮಾಡಿದ್ವಿ" ಎಂದವರು ಅಪ್ಪನ ಮುಖ ನೋಡಿ ಗಾಬರಿಯಾದರು. "ನಿಮ್ಮದೇನರ ಇತ್ತೇನ್ರಿ ಅದು?"

ಅಪ್ಪ ಚಹಾದ ಬಸಿ ಕೆಳಗಿಟ್ಟ. "ಇಲ್ಲ ತಾಯಿ, ಅದು ಅವರದs. ನಾ ಬರೇ ಅದನ್ನ ನೋಡಾಕ ಚೌಡಾಪುರಕ್ಕ ಹೋಗ್ತಿದ್ದೆ."

ಅಣ್ಣಾ, ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೊಲದಲ್ಲಿ ಕಾಕಾನನ್ನು ಮಣ್ಣು ಮಾಡಿದ ಗುದ್ದಿನ ಹತ್ತಿರ ಹೋಗಿ ಬಿಸಿಲಲ್ಲಿ ನಿಂತುಬಿಟ್ಟ. ನಾನು ಕೈ ಹಿಡಿದು ಕರೆತರಬೇಕಾಯಿತು. ಬಸ್ಸಿನಲ್ಲಿ ಒಂದೇ ಮಾತು: "ಇಷ್ಟ್ ವರ್ಷ ಕೂಡಿ ಹೊತ್ತ ಕಳದ್ವಿ, ಆದ್ರ ಒಂದಿನಾನೂ ಅಂವನ ಮನಿ ಚಾ ಕುಡದಿದ್ದಿಲ್ಲ ನೋಡು ನಾ."

ಮನೆಗೆ ಬಂದ ಮೇಲೆ ಉಳಿದ ಚಾಕುಗಳನ್ನೆಲ್ಲ ಧೋತರದ ಮೇಲೆ ಬಿಚ್ಚಿಟ್ಟು ನೋಡುತ್ತ ಕುಳಿತ. ಒಂದನ್ನೂ ಮಡಚಲಿಲ್ಲ. ಕೊನೆಗೆ ಅವ್ವನೇ ಬಂದು, ಬೆರಳು ಕೊಯ್ದುಕೊಳ್ಳದಂತೆ ಹುಷಾರಿನಿಂದ ಒಂದೊಂದನ್ನೇ ಮಡಚಿ ಡಬ್ಬಿಗೆ ಹಾಕಿದಳು.

ಅವ್ವ ಅಪ್ಪ ನಿನ್ನ ತಲೆ ಸವರಿದ್ದಾರೆಂದು ತಿಳಿ. ಕಿವಿ ಮುಚ್ಚಿಕೊಂಡಿರು, ಹೊಟ್ಟೆ ತುಂಬ ಉಣ್ಣು. ಜೊತೆಯವರಿಗೆಲ್ಲ ನನ್ನ ನಮಸ್ಕಾರ.

ನಿನ್ನ ತಂಗಿ,
ಪಲ್ಲವಿ

ತಾ.ಕ.: ಅಪ್ಪ ಬೇಡವೆಂದಿದ್ದಾನೆ, ಆದರೂ ಬರೆಯುತ್ತೇನೆ. ಅವನ ಗಂಟಲಲ್ಲಿ ಗಡ್ಡೆಯಾಗಿದೆ, ಕ್ಯಾನ್ಸರ್. ದೀಪಾವಳಿಗೆ ಮೊದಲೇ ಒಬ್ಬನೇ ಕಲಬುರಗಿಗೆ ಹೋಗಿ ತೋರಿಸಿಕೊಂಡು ಬಂದಿದ್ದನಂತೆ. ಮೊದಲು ಜಗದೇವ ಕಾಕಾನಿಗೆ ಹೇಳಿ, ಅವ್ವನಿಗೆ ಹೇಗೆ ತಿಳಿಸುವುದೆಂದು ಕೇಳಬೇಕು ಅಂತಲೇ ಚೌಡಾಪುರದಲ್ಲಿ ಅಷ್ಟು ಹೊತ್ತು ಕಾದದ್ದು. ನಿನ್ನೆ ನನ್ನ ಮುಂದೆ ಬಾಯಿಬಿಟ್ಟ. ಸಂಕ್ರಾಂತಿ ಆದ ಮೇಲೆ ಆಪರೇಷನ್. ಹೇಗಾದರೂ ಮಾಡಿ ಬಾ ಅಣ್ಣಾ. ಅವ್ವನಿಗೆ ನಾನೊಬ್ಬಳೇ ಹೇಳಲಾರೆ.