ಫ್ಯಾಮಿಲಿ ರೂಮಿನ ಅಧ್ಯಾಯಗಳು

ಜುಲೈ ೩, ೧೯೬೧. ಸೋಮವಾರ, ಬೆಳಗ್ಗೆ

ಇವತ್ತೂ ಮೇಜಿನ ಮುಂದೆ ಕೂತೆ. ಒಂದು ವಾಕ್ಯ ಬರೆದೆ. ಹೊಡೆದುಹಾಕಿದೆ. ಅದನ್ನೇ ಇನ್ನೊಂದು ತರಹ ಬರೆದೆ. ಅದೂ ಸರಿಯಿಲ್ಲ. ಎದ್ದು ಮಹಡಿ ಮೆಟ್ಟಿಲು ಹತ್ತಿ ಇಳಿದೆ. ಮತ್ತೆ ಕೂತೆ. ಕಾಲು ನಿಲ್ಲುವುದಿಲ್ಲ. ಮೇಜಿನ ಕೆಳಗೆ ಅದರ ಪಾಡಿಗೆ ಅದು ಅಲ್ಲಾಡುತ್ತಿರುತ್ತದೆ.

ಅಮ್ಮ ಬಾಗಿಲಲ್ಲಿ ನಿಂತು: “ಏನ್ಡೀ ತುಂಗಾ, ಒಂದು ಹುಳದ ಮೇಲೆ ಎಷ್ಟೂಂತ ಬರೀತೀ? ನಿನ್ನ ವಯಸ್ಸಿಗೆ ನನಗೆ ಮೂರು ಕೊಳಂದೆ.” ಮಕ್ಕಳು ಅನ್ನಲು ಅಮ್ಮನಿಗೆ ತಮಿಳಿನ ಕೊಳಂದೆಯೇ ಬಾಯಿಗೆ ಬರುವುದು.

ಎಷ್ಟು ಕಮ್ಮಿ ಬರೆದಿದ್ದೇನೆ ಅಂತ ಅಮ್ಮನಿಗೆ ಗೊತ್ತಿದ್ದರೆ! ಬಂದರಿನ ನೀರಲ್ಲಿ ಮರದ ಹಲಗೆ ಮುಳುಗಿಸಿದ್ದು, ತಿಂಗಳು ಬಿಟ್ಟು ಎತ್ತಿ ಸೀಳಿ ನೋಡಿದ್ದು, ದೋಣಿ ಕೊರೆಯುವ ಹುಳು ಯಾವ ಕಾಲಕ್ಕೆ ಬರುತ್ತದೆ, ಎಷ್ಟು ತಿನ್ನುತ್ತದೆ ಅಂತ ಅಳೆದದ್ದು — ಎಲ್ಲ ಮುಗಿದು ವರ್ಷವಾಯಿತು. ಇನ್ನು ಪ್ರಬಂಧ ಬರೆಯುವುದೊಂದೇ ಬಾಕಿ. ಒಂದೇ...

ಜುಲೈ ೫. ಸಂಜೆ

ಪ್ರೊಫೆಸರ್ ಭೋಜರಾಜ ಕರೆಸಿದರು. ನನ್ನ ಅಧ್ಯಾಯದ ವಿಷಯವಿರಬೇಕು ಅಂದುಕೊಂಡೆ. ಅಲ್ಲ. ಅವರ ಪುಸ್ತಕದ ಪ್ರೂಫ್ ತಿದ್ದಬೇಕು. “ಕೆಲವೇ ದಿನದ ಕೆಲಸ, ತುಂಗಾ.” ಹೋದ ವರ್ಷವೂ ಹೀಗೇ ಅಂದಿದ್ದರು. ಮಳೆಗಾಲ ಪೂರ್ತಿ ಅದರಲ್ಲೇ ಹೋಯಿತು. ತಲೆಯಾಡಿಸಿ ಎತ್ತಿಕೊಂಡು ಬಂದೆ.

ಇನ್ನೊಂದು ಕೆಲಸವೂ ಸಿಕ್ಕಿತು. ವಿಷ್ಣುಮೂರ್ತಿ ಲೈಬ್ರರಿ ಪುಸ್ತಕ ಹಿಂದಿರುಗಿಸಿಲ್ಲ. “ನೀವಿಬ್ಬರೂ ಕನ್ನಡದವರು. ನೀನೇ ಹೋಗಿ ಕೇಳು.”

ವಿಷ್ಣುಮೂರ್ತಿಯವರದು ನನ್ನ ಪಕ್ಕದ ಮೇಜು. ನನಗಿಂತ ಸೀನಿಯರ್. ಬಂಡೆಗೆ, ಹಡಗಿಗೆ ಅಂಟಿಕೊಳ್ಳುವ ಬಾರ್ನಕಲ್ ಚಿಪ್ಪುಗಳು ಅವರ ವಿಷಯ. ಮಾರ್ಚಿಯಲ್ಲಿ ಒಂದು ದಿನ ಲ್ಯಾಬಿನಲ್ಲಿ ಕೂತಲ್ಲೇ ಅತ್ತುಬಿಟ್ಟರು. ಮಾರನೆಯ ದಿನದಿಂದ ಬರಲಿಲ್ಲ. ಅವರ ಹೆಸರೆತ್ತಿದರೆ ಎಲ್ಲರೂ ದನಿ ತಗ್ಗಿಸುತ್ತಾರೆ. ಬಂದರಿನ ಹತ್ತಿರ ಪ್ಯಾರೀಸ್ ಕಾರ್ನರಿನಲ್ಲಿ ಅವರ ಸೋದರಮಾವ ಸುಬ್ರಾಯರ ಹೋಟೆಲು. ಅಲ್ಲಿರಬಹುದಂತೆ.

ಹೋಗಲು ಭಯ. ಅವರನ್ನು ನೋಡಿದರೆ ನಾಳೆಯ ನನ್ನನ್ನೇ ನೋಡಿದ ಹಾಗಾದೀತು ಅಂತ.

ಜುಲೈ ೧೦. ಸೋಮವಾರ

ಹೋದೆ. ಗಲ್ಲಾದ ಹಿಂದೆ ಕೂತಿದ್ದರು. ಬಿಳಿ ಪಂಚೆ, ಅರ್ಧ ತೋಳಿನ ಶರಟು. ಕೆನ್ನೆ ತುಂಬಿದೆ! ರೋಗಿಯನ್ನು ನೋಡಲು ಹೋದವಳಿಗೆ ಎದುರು ಸಿಕ್ಕಿದ್ದು ಚೆನ್ನಾಗಿ ಉಂಡು ಮಲಗುವ ಮನುಷ್ಯ.

“ಎಂತದು ನೀವಿಲ್ಲಿ? ಪುಸ್ತಕಕ್ಕೆ ಬಂದದ್ದಲ್ವಾ? ಉಂಟು, ಕೊಡ್ತೇನೆ. ಮೊದ್ಲು ಕೂತ್ಕೊಳ್ಳಿ.” ಪರದೆ ಸರಿಸಿ ಫ್ಯಾಮಿಲಿ ರೂಮಿನಲ್ಲಿ ಕೂರಿಸಿದರು. ಕಾಫಿ ಬಂತು. ಲೋಟ ಹಿಡಿದ ನನ್ನ ಕೈಯನ್ನೇ ನೋಡುತ್ತಿದ್ದರು.

“ನಿದ್ದೆ ಬರ್ತದಾ ನಿಮಗೆ?”

“ಬರತ್ತೆ.” ಅಂದವಳು ತಕ್ಷಣ, “ಇಲ್ಲ.”

“ಊಟ ಸೇರುದಿಲ್ಲ. ಯಾರಾದ್ರೂ ಥೀಸಿಸ್ ಎಲ್ಲಿಗೆ ಬಂತು ಅಂತ ಕೇಳಿದ್ರೆ ಹೊಡೀಬೇಕು ಅನ್ನಿಸ್ತದೆ. ಅಲ್ವಾ?”

ಅಳು ಬಂತು. ಆ ಪರದೆ ಇದ್ದದ್ದು ಪುಣ್ಯ. ಅವರು ಸಮಾಧಾನ ಮಾಡಲಿಲ್ಲ. ಅಳಲು ಬಿಟ್ಟರು. ಆಮೇಲೆ, “ನನಗೆ ಕಡೆಗೆ ಬರೀಲಿಕ್ಕೆ ಪೆನ್ನು ಹಿಡಿದ್ರೆ ವಾಂತಿ ಬರ್ತಿತ್ತು. ಯಾರ ಹತ್ರವೂ ಹೇಳ್ಲಿಲ್ಲ. ನೀವು ಹಾಗೆ ಮಾಡ್ಬೇಡಿ. ಮಧ್ಯಾಹ್ನ ಊಟದ ರಶ್ಶು ಮುಗಿದ ಮೇಲೆ ಇಲ್ಲಿ ಯಾರೂ ಇರುದಿಲ್ಲ. ಮೂರು ಗಂಟೆಗೆ ಬನ್ನಿ. ಒಂದು ಪುಟ ತನ್ನಿ, ಹಾಳಾಗಿದ್ರೂ ಅಡ್ಡಿಲ್ಲ. ಓದಿ. ಕೇಳ್ತೇನೆ.”

ಹೋಗುವುದಿಲ್ಲ. ಎಂಥ ನಾಚಿಕೆ.

ಜುಲೈ ೧೪

ಹೋದೆ. ಓದಿದೆ. ಅರ್ಧಕ್ಕೇ ಕೈಯೆತ್ತಿದರು. “ಇದು ನೀವು ಬರ್ದದ್ದಲ್ಲ. ಭೋಜರಾಜರ ಇಂಗ್ಲಿಷ್. ನೀವು ಎಂತ ಕಂಡದ್ದು? ಅದನ್ನು ಹೇಳಿ.”

ಸಿಟ್ಟು ಬಂತು. ಸಿಟ್ಟಿನಲ್ಲೇ ಹೇಳಿದೆ — ಹಲಗೆ ಹೊರಗೆ ನೋಡಲು ಗಟ್ಟಿ, ಸೂಜಿಮೊನೆಯಷ್ಟು ತೂತು, ಸೀಳಿದರೆ ಒಳಗೆಲ್ಲ ಪೊಳ್ಳು. “ಇದನ್ನೇ ಬರೀರಿ” ಅಂದರು. ಮನೆಗೆ ಬಂದು ಅದನ್ನೇ ಬರೆದೆ. ಹೊಡೆದುಹಾಕಲಿಲ್ಲ.

ಆಗಸ್ಟ್ ೨೧

ಇಷ್ಟು ದಿನ ಇಲ್ಲಿ ಬರೆಯಲು ಪುರುಸೊತ್ತಿಲ್ಲ. ಅಲ್ಲಿ ಬರೆಯುತ್ತಿದ್ದೇನೆ! ಎರಡನೆಯ ಅಧ್ಯಾಯ ಮುಗಿಯಿತು. ಮೂರನೆಯದು ಅರ್ಧ. ನಿನ್ನೆ ನಿದ್ದೆ ಬಂದಿತ್ತು.

ಆದರೆ ಮನೆಯಲ್ಲಿ ಗಲಾಟೆ. ತಮ್ಮ ಕಿಟ್ಟು ನನ್ನನ್ನು ಹೋಟೆಲ್ ಬಾಗಿಲಲ್ಲಿ ನೋಡಿದ್ದಾನೆ. ಅಮ್ಮ: “ಹೆಣ್ಣು ಹುಡುಗಿ, ದಿನಾ ಹೋಟ್ಲಲ್ಲಿ ಪರದೆ ಹಿಂದೆ ಕೂತ್ಕೊಳ್ಳೋದಾ? ನೋಡ್ದವರು ಏನು ನಿನಚ್ಕೊಳ್ತಾರೆ?”

ಬರೀತಿದ್ದೇನೆ ಅಂದೆ. ಅಮ್ಮ ನಂಬಲಿಲ್ಲ. ಕಿಟ್ಟು ತಮಿಳಿನಲ್ಲಿ ಏನೋ ಗೊಣಗಿ ಹೊರಗೆ ಹೋದ.

ಆಗಸ್ಟ್ ೨೩

ಅಮ್ಮ ಹೊರಟೇಬಿಟ್ಟಳು ನನ್ನ ಜೊತೆ. ಒಂಬತ್ತು ಗಜದ ಸೀರೆ, ಕೈಯಲ್ಲಿ ಮನೆಯ ನೀರಿನ ಚೊಂಬು. ಹೋಟೆಲಿನದು ಏನೂ ಮುಟ್ಟುವುದಿಲ್ಲ. ಬೆಂಚಿನ ತುದಿಯಲ್ಲಿ ಕೂತು ವಿಷ್ಣುಮೂರ್ತಿಯವರನ್ನು ವಿಚಾರಿಸಿದಳು — ಯಾವ ಊರು, ಯಾವ ಮಠ, ತಂದೆ ಇದ್ದಾರಾ. ಅವರು ಎಲ್ಲಕ್ಕೂ ನಿಂತೇ ಉತ್ತರ ಕೊಟ್ಟರು. ನಾನು ಓದಿದೆ. ಅಮ್ಮನಿಗೆ ಇಂಗ್ಲಿಷ್ ಬಾರದು. ಆದರೂ ಕಡೆಯವರೆಗೂ ಕೇಳಿದಳು. ಮಧ್ಯೆ ಒಂದು ಕಡೆ ವಿಷ್ಣುಮೂರ್ತಿಯವರು “ಅಲ್ಲಲ್ಲ” ಅಂದಾಗ ಅಮ್ಮ ನನ್ನ ಮುಖ ನೋಡಿದಳು. ನಾನು ವಾದ ಮಾಡಿದೆ. ಗೆದ್ದೆ.

ಏಳುವಾಗ ಅಮ್ಮ ಕೇಳಿದಳು, “ನಿಂದು ಯಾಕಪ್ಪಾ ಮುಗಿಸ್ಲಿಲ್ಲ?”

“ಆಗ್ಲಿಲ್ಲ ಅಮ್ಮ.”

ಟ್ರಾಮ್ ನಿಂತುಹೋಗಿ ಬಸ್ಸೇ ಗತಿಯಾದ ಮೇಲೆ ಅಮ್ಮ ಈ ಕಡೆ ಬಂದದ್ದೇ ಇಲ್ಲವಂತೆ. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ ಅಂದಳು: “ಪಾವಂ. ಅವನ ತಾಯಿಗೆ ಗೊತ್ತೋ ಇಲ್ವೋ.” ಆಮೇಲೆ, “ಮೂರು ಗಂಟೆಗೆ ತಾನೇ? ಹೋಗು. ಬೇಗ ಮುಗ್ಸು.”

ಸೆಪ್ಟೆಂಬರ್ ೪. ಸೋಮವಾರ

ಪ್ರೊಫೆಸರ್ ಮತ್ತೆ. ಈ ಸಲ ಪುಸ್ತಕ ಪೂರ್ತಿ ತಿದ್ದಬೇಕು, ಚಿತ್ರಗಳನ್ನೂ ಹೊಸದಾಗಿ ಬರೆಯಬೇಕು. “ನಿನ್ನ ಥೀಸಿಸ್‌ಗೆ ಏನವಸರ? ಹುಡುಗಿ, ಕೆಲಸಕ್ಕೆ ಹೋಗಬೇಕಾಗಿಲ್ಲವಲ್ಲ.”

ಆಗಲಿ ಸರ್ ಅಂದೆ. ಬಾಯಿಗೆ ಅಭ್ಯಾಸ.

ಮೂರು ಗಂಟೆಗೆ ಹೇಳಿದಾಗ ವಿಷ್ಣುಮೂರ್ತಿಯವರ ಮುಖ ಬಿಳಿಚಿಕೊಂಡಿತು. “ಬೇಡ ಅನ್ನಿ.”

“ನೀವು ಅಂದಿದ್ರಾ?”

“ನಾನು ಅನ್ಲಿಲ್ಲ” ಅಂದರು. “ಐದು ವರ್ಷ ಅನ್ಲಿಲ್ಲ.”

ಸೆಪ್ಟೆಂಬರ್ ೫

ಅಂದೆ. ಪ್ರೂಫಿನ ಕಟ್ಟನ್ನು ಪ್ರೊಫೆಸರ ಮೇಜಿನ ಮೇಲಿಟ್ಟು, “ನನ್ನಿಂದ ಆಗೋದಿಲ್ಲ ಸರ್. ಮೊದಲು ನನ್ನದು ಮುಗಿಸಬೇಕು.”

ಕನ್ನಡಕ ತೆಗೆದರು. “ನಿನ್ನ ಥೀಸಿಸ್‌ಗೆ ಸಹಿ ಯಾರು ಹಾಕಬೇಕು, ಗೊತ್ತಾ?”

“ಗೊತ್ತು ಸರ್. ನೀವೇ.”

ಕಟ್ಟನ್ನು ತಮ್ಮ ಕಡೆ ಎಳೆದುಕೊಂಡರು. “ಹೋಗಬಹುದು.”

ಮುಗಿಯಿತೇ? ಎಲ್ಲ ಹಾಳು ಮಾಡಿಕೊಂಡೆನೇ? ಬೀಚಿನ ಉದ್ದಕ್ಕೂ ನಡೆದೆ. ಮನೆಗೆ ಬಂದೆ. ಮತ್ತೆ ಹೊರಟೆ. ಕೂರಲು ಆಗುತ್ತಿಲ್ಲ —

ಅಕ್ಟೋಬರ್ ೩೦

ಲ್ಯಾಬಿಗೆ ಹೋದರೂ ಪ್ರೊಫೆಸರು ಮಾತಾಡುತ್ತಿರಲಿಲ್ಲ. ಅಧ್ಯಾಯ ಮುಗಿದ ಹಾಗೆ ಅವರ ಮೇಜಿನ ಮೇಲಿಟ್ಟು ಬರುತ್ತಿದ್ದೆ. ಇವತ್ತು ಒಟ್ಟಿಗೆ ವಾಪಸು ಕೊಟ್ಟರು. ಪ್ರತಿ ಪುಟದಲ್ಲೂ ಪೆನ್ಸಿಲ್ ಗುರುತು. ಎಲ್ಲವನ್ನೂ ಓದಿದ್ದಾರೆ!

“ನಾನಾಗಿದ್ದರೆ ಹೀಗೆ ಬರೆಯುತ್ತಿರಲಿಲ್ಲ” ಅಂದರು. ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. “ಟೈಪಿಗೆ ಕೊಡು. ಸಹಿ ಹಾಕುತ್ತೇನೆ.”

ಹೊರಗೆ ಬಂದರೆ ಪ್ರೂಫಿನ ಕಟ್ಟು ಹೊಸದಾಗಿ ಸೇರಿದ ಜಯಲಕ್ಷ್ಮಿಯ ಮೇಜಿನ ಮೇಲೆ. ಅವಳು ಹೆಮ್ಮೆಯಿಂದ ನಕ್ಕಳು. ಸಂತೋಷ ಅರ್ಧಕ್ಕೆ ನಿಂತಿತು. ನಾಳೆ ಅವಳೊಡನೆ ಮಾತಾಡಬೇಕು.

ನವೆಂಬರ್ ೧೩. ಸೋಮವಾರ

ಪ್ರಬಂಧ ಸಲ್ಲಿಸಿದೆ. ನೇರ ಹೋಟೆಲಿಗೆ ಹೋದೆ. ಸುಬ್ರಾಯರು ಒಳಗಿಂದ ಜಿಲೇಬಿ ತರಿಸಿದರು. ವಿಷ್ಣುಮೂರ್ತಿಯವರಿಗೆ ಹೇಳಿದೆ — ನಿಮ್ಮ ಮೇಜು ಖಾಲಿಯೇ ಇದೆ, ಬನ್ನಿ.

“ಇಲ್ಲ. ನನಗೆ ಇಲ್ಲಿ ಸುಖ ಉಂಟು.” ಸುಳ್ಳಲ್ಲ. ಮುಖ ನೋಡಿದರೆ ತಿಳಿಯುತ್ತದೆ. ಒತ್ತಾಯ ಮಾಡಲಿಲ್ಲ.

ಹೊರಡುವಾಗ ಸುಮ್ಮನೆ ಅಂದೆ — ಒಂದು ಮಾತ್ರ ನನಗೆ ಕಡೆಗೂ ಬಿಡಿಸಲಾಗಲಿಲ್ಲ. ಅಕ್ಕಪಕ್ಕ ಕಟ್ಟಿದ ಎರಡು ಹಲಗೆ. ಒಂದೇ ಮರ, ಒಂದೇ ಆಳ. ಒಂದನ್ನು ಹುಳು ಪೂರ್ತಿ ತಿಂದಿದೆ, ಇನ್ನೊಂದನ್ನು ಮುಟ್ಟೇ ಇಲ್ಲ. ಕಾರಣ ತಿಳಿಯದು ಅಂತಲೇ ಬರೆದಿದ್ದೇನೆ.

ಬಿಲ್ಲು ಕೊಡಲು ನಿಂತವರು ಕಾಯುತ್ತಿದ್ದರು. ಇವರು ಚಿಲ್ಲರೆ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದರು.

ನವೆಂಬರ್ ೧೪. ಮಧ್ಯಾಹ್ನ, ಹೋಟೆಲಿನಲ್ಲಿ

ಓದಲು ಪುಟವಿಲ್ಲ. ಆದರೂ ಬಂದೆ. ಮನೆಯಲ್ಲಿ ನಿಲ್ಲಲು ಆಗಲಿಲ್ಲ. ಮುಂದೇನು ಅಂತ ಅಮ್ಮ ಎರಡು ಸಲ ಕೇಳಿದಳು.

ಪರದೆ ಅರ್ಧ ತೆರೆದಿದೆ. ಅವರು ಗಲ್ಲಾದಲ್ಲಿ ಬಿಲ್ಲಿನ ಹಿಂಬದಿಯಲ್ಲಿ ಏನೋ ಗೀಚುತ್ತಿದ್ದಾರೆ. ಸುಬ್ರಾಯರು ಕೂಗಿದರು, “ವಿಷ್ಣೂ, ಎಂತ ಮಾಡುದು ಮಾರಾಯ, ಜನ ಕಾಯ್ತಿದ್ದಾರೆ!” ಕೇಳಿಸಿಲ್ಲ.

ಎದ್ದರು. ಗಲ್ಲಾ ಬಿಟ್ಟು ಇತ್ತಲೇ ಬರುತ್ತಿದ್ದಾರೆ. “ಆ ಹುಳ ಮುಟ್ಟದ ಹಲಗೆ ಮೇಲೆ ಬಾರ್ನಕಲ್ ಇತ್ತಾ? ಚಿಪ್ಪು ಮುಚ್ಚಿದ್ರೆ ಹುಳಕ್ಕೆ ಒಳಗೆ ಹೋಗ್ಲಿಕ್ಕೆ ದಾರಿ ಎಲ್ಲಿ?” ಅಂತ ಅಲ್ಲಿಂದಲೇ ಕೇಳುತ್ತಿದ್ದಾರೆ. ಹೌದು, ಇತ್ತು, ತುಂಬಾ ಇತ್ತು, ನಾನು ಅದನ್ನು ಕೆರೆದು ಬಿಸಾಡಿ —