ತೋಳದ ಬೋರ್ಡು

ಮನೆಯಿಂದ, ಗುರುವಾರ ಸಂಜೆ

ನನ್ನ ಪುಟ್ಟೀ,

ಕೆಮ್ಮು ಕಡಿಮೆಯಾಯಿತೇ? ಹೊಸ ಮೃಗಾಲಯದಲ್ಲಿ ಆನೆಗಳ ಮೈ ತೊಳೆದು ನೀನೂ ಒದ್ದೆ ಬಟ್ಟೆಯಲ್ಲೇ ಓಡಾಡುತ್ತೀಯೆಂದು ನಿನ್ನಮ್ಮನ ಚಿಂತೆ. ಬಡ್ತಿ ಬಂತೆಂದು ಹೊತ್ತಿಗೆ ಸರಿಯಾಗಿ ಉಣ್ಣುವುದನ್ನು ಬಿಡಬೇಡ. ನಾವು ಚೆನ್ನಾಗಿದ್ದೇವೆ. ನನ್ನ ಕೈ ಇನ್ನೂ ನಡುಗುತ್ತಿಲ್ಲ. ಇಲ್ಲಿನ ಮೃಗಾಲಯದ ಬೋರ್ಡುಗಳನ್ನು ಈಗಲೂ ನಾನೇ ಬರೆಯುತ್ತಿದ್ದೇನೆ.

ನೀನು ಬಾಟಲಿ ಹಾಲು ಕುಡಿಸಿ ಸಾಕಿದ ತೋಳ ಸರಿಯಾಗಿ ತಿನ್ನುತ್ತಿಲ್ಲ. ನೀನು ಹೋದಾಗಿನಿಂದ ಬಾಗಿಲ ಕಡೆಗೇ ಮುಖ ಮಾಡಿ ಮಲಗಿರುತ್ತದೆ. ಗಾಬರಿಯಾಗಬೇಡ, ವಯಸ್ಸಾಯಿತಲ್ಲ. ಕೆಲಸ ಮುಗಿದ ಮೇಲೆ ಅದರ ಹತ್ತಿರ ಕೂತು ಏನೇನೋ ಹರಟುತ್ತೇನೆ. ಮಾತು ಖಾಲಿಯಾದರೆ ಬೋರ್ಡಿನ ಲ್ಯಾಟಿನ್ ಹೆಸರನ್ನೇ ಓದಿ ಹೇಳುತ್ತೇನೆ. ನನಗೆ ತಲೆ ಕೆಟ್ಟಿದೆಯೆಂದುಕೊಂಡಿರಬೇಕು, ಪಾಪ.

ಆ ಹೆಸರಿನಲ್ಲಿ ತೋಳ ಎಂದು ಹೇಳುವ 'ಲುಪುಸ್' ಎಂಬ ಪದದ ಬೆನ್ನು ಹತ್ತಿ ಗ್ರಂಥಾಲಯದಲ್ಲಿ ನನ್ನ ಭಾನುವಾರಗಳೆಲ್ಲ ಕಳೆದವು. ಅದು ರೋಮನರ ಸ್ವಂತ ಮಾತಲ್ಲವಂತೆ! ಅವರ ನಾಲಿಗೆಯಲ್ಲೇ ಬೆಳೆದಿದ್ದರೆ ನಡುವೆ 'ಪ'ಕಾರದ ಬದಲು 'ಕ್ವ' ಇರಬೇಕಿತ್ತು. ನೆರೆಯ ಹಳ್ಳಿಗರಿಂದ ಎರವಲು ತಂದದ್ದೆಂದು ಪಂಡಿತರ ಊಹೆ. ಕುರಿ ಕಾಯುವವರಿಗೇ ತಾನೇ ತೋಳದ ಪರಿಚಯ ಹೆಚ್ಚು? ಸಂಸ್ಕೃತದ 'ವೃಕ'ವೂ ಅದೇ ಬೇರಿನದು. ನಮ್ಮಂತೆ ಅವರಿಗೂ ವಿಭಕ್ತಿಗಳಿವೆ: ತೋಳವನ್ನು ಎನ್ನಲು ಲುಪುಮ್, ತೋಳದ ಎನ್ನಲು ಲುಪೀ, ಕರೆಯುವಾಗ ಲುಪೆ. ನಮ್ಮಲ್ಲಿ ತೋಳ ಗಂಡಾದರೂ ಹೆಣ್ಣಾದರೂ 'ಅದು'. ನಿನ್ನ ಬಾಯಲ್ಲಿ ಮಾತ್ರ 'ಅವಳು'. ಅವರಲ್ಲಿ ಲುಪುಸ್ ಪುಲ್ಲಿಂಗ, ಹೆಣ್ಣಾದರೆ ಲುಪ. ನಮ್ಮದು ಹೆಣ್ಣಲ್ಲವೇ, ಬೋರ್ಡು ತಿದ್ದಲೇ ಎಂದು ಮೃಗಾಲಯದ ಡಾಕ್ಟರನ್ನು ಕೇಳಿದೆ. "ಯಜಮಾನ್ರೇ, ಅದು ಜಾತಿ ಹೆಸರು, ನಿಮ್ಮ ಮೊಮ್ಮಗಳ ಹೆಸರಲ್ಲ" ಎಂದು ನಕ್ಕರು. ನಕ್ಕವರು ಯಾಕೋ ಮುಖ ತಿರುಗಿಸಿಕೊಂಡರು.

"ಮಗಳಿಗೆ ಕಾಗದ ಬರೀತಿದ್ದೀರೋ, ಪಾಠ ಮಾಡ್ತಿದ್ದೀರೋ?" ಎಂದು ನಿನ್ನಮ್ಮ ಪಕ್ಕದಲ್ಲೇ ಕೂತು ಗದರುತ್ತಿದ್ದಾಳೆ. ನಿಜ ಹೇಳಬೇಕೆಂದರೆ ಪಾಠವೇ ಸುಲಭ, ಮಗಳೇ.

ಮೈ ಬೆಚ್ಚಗಿಟ್ಟುಕೋ. ನಿನ್ನ ಆನೆಗಳೂ ನೀನೂ ಸುಖವಾಗಿರಿ.

ನಿನ್ನ
ಅಪ್ಪ

ತಾ.ಕ.: ಅಮ್ಮ ಅಡುಗೆಮನೆಗೆ ಎದ್ದು ಹೋದಳು, ಬೇಗ ಬರೆಯುತ್ತೇನೆ. "ಹೊಸ ಕೆಲಸದಲ್ಲಿದ್ದಾಳೆ, ಅವಳಿಗೆ ತಿಳಿಸಬೇಡಿ" ಅಂದಿದ್ದಳು. ತೋಳದ ಪಂಜರಕ್ಕೆ ನರಿಯ ಬೋರ್ಡು ಬರೆಯಲು ನನಗೆ ಹೇಳಿದ್ದಾರೆ. ಮುಂದಿನ ವಾರದ ಕೊನೆಗೆ ನರಿ ಬರುತ್ತದೆ, ಅಷ್ಟರೊಳಗೆ ತೋಳಕ್ಕೆ ಪ್ರಾಣ ಹೋಗುವ ಇಂಜೆಕ್ಷನ್ ಕೊಡುತ್ತಾರಂತೆ. ತಾನಾಗಿ ತಿಂದರೆ ಬಿಟ್ಟುಬಿಡೋಣ ಎಂದಿದ್ದಾರೆ ಡಾಕ್ಟರು. ಇವತ್ತು ನಾನೇ ಒಳಗೆ ಹೋಗಿ ಮಾಂಸ ಹಿಡಿದು ಕೂತಿದ್ದೆ. ನನ್ನ ಕೈ ಮೂಸಿ ನೋಡಿ ತಲೆ ಕೆಳಗಿಟ್ಟಿತು. ರಜೆ ಕೊಡದಿದ್ದರೂ ಬಾ.